ಎರಡನೇ ದರ್ಜೆಯಲ್ಲಿ ಒಬ್ಬ ವಿಶ್ವ ಚಾಂಪಿಯನ್

2006ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಫ್ರಾನ್ಸಿನ ಜಿನೆದಿನ್ ಜಿದಾನ್ ತನ್ನ ತಲೆಯಿಂದ ಇಟಲಿಯ ಮತ್ತೆರಾಜಿಯ ಎದೆಗೆ ಗುದ್ದಿದ ದೃಶ್ಯ. ಫ್ರಾನ್ಸ್ ಸೋತದ್ದು ಆ ಗುದ್ದಿನಿಂದಲೇ ಎಂದು ನಂಬಿಕೊಂಡವರೂ ಇದ್ದಾರೆ. ನಿಜವಾಗಿ ನಡೆದದ್ದೇ ಬೇರೆ. ಪಂದ್ಯ 1-1ರಲ್ಲಿ ಮುಗಿದು ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಎರಡೂ ಕಡೆಯವರು ಸೇರಿ ಒಂಬತ್ತು ಬಾರಿ ಒದ್ದರು. ಎಂಟು ಚೆಂಡುಗಳು ಬಲೆ ಸೇರಿದವು. ಸೇರದೆ ಹೋದದ್ದು ಒಂದೇ ಒಂದು, ಫ್ರಾನ್ಸಿನ ಡೇವಿಡ್ ಟ್ರೆಜೆಗೆ ಒದ್ದದ್ದು.

ಚೆಂಡು ಅಡ್ಡಕಂಬದ ಅಡಿಗೆ ಬಡಿದು ನೆಟ್ಟಗೆ ಕೆಳಗಿಳಿಯಿತು. ಗೆರೆಯ ಆಚೆ ಬಿದ್ದಿದ್ದರೆ ಗೋಲು; ಬಿದ್ದದ್ದು ಈಚೆ. ಹೊಟ್ಟೆ ಉರಿಸುವ ಸಂಗತಿಯೆಂದರೆ, ಅದೇ ಪಂದ್ಯದ ಏಳನೇ ನಿಮಿಷದಲ್ಲಿ ಜಿದಾನ್ ಮೆಲ್ಲಗೆ ಎತ್ತಿ ಹಾಕಿದ ಪೆನಾಲ್ಟಿಯೂ ಅಡ್ಡಕಂಬದ ಅಡಿಗೇ ಬಡಿದಿತ್ತು. ಆ ಚೆಂಡು ಗೆರೆ ದಾಟಿ ಬಿದ್ದು, ಮತ್ತೆ ಪುಟಿದು ಹೊರಗೆ ಬಂದಿತ್ತು. ಅದನ್ನು ಜನ ಇವತ್ತಿಗೂ ಧೈರ್ಯ ಎನ್ನುತ್ತಾರೆ, ಕಲೆ ಎನ್ನುತ್ತಾರೆ. ಟ್ರೆಜೆಗೆಯ ಒದೆತದ ಬಗ್ಗೆ ಯಾರೂ ಏನೂ ಹೇಳುವುದಿಲ್ಲ.

ನಮ್ಮಲ್ಲಿ ಆಗ ರಾತ್ರಿ ಎರಡು ಗಂಟೆ. ಹಾಸ್ಟೆಲಿನ ಟಿ.ವಿ. ಕೋಣೆಯಲ್ಲಿ ನಿದ್ದೆಗೆಟ್ಟು ಕುಳಿತಿದ್ದವರಲ್ಲಿ ಹೆಚ್ಚಿನವರು ಜಿದಾನ್ ಕೆಂಪು ಕಾರ್ಡ್ ಪಡೆದು ಕಪ್ಪಿನ ಪಕ್ಕದಲ್ಲೇ ಹಾದು ಒಳಗೆ ಹೋದಾಗಲೇ ಎದ್ದು ಹೋಗಿದ್ದರು. ಅವರ ಪಾಲಿಗೆ ನಾಟಕ ಅಲ್ಲಿಗೆ ಮುಗಿದಿತ್ತು. ಉಳಿದುಕೊಂಡ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ಗೋಲಿನಲ್ಲಿ ನಿಂತಿದ್ದವನು ಇಟಲಿಯ ಬುಫೋನ್, ಯುವೆಂಟಸ್ ಕ್ಲಬ್‌ನಲ್ಲಿ ಟ್ರೆಜೆಗೆಯ ಜೊತೆಗಾರ. ಐದು ವರ್ಷ ದಿನ ಬೆಳಗಾದರೆ ಒಬ್ಬ ಒದೆಯುವುದು, ಇನ್ನೊಬ್ಬ ಹಿಡಿಯುವುದು. ಅಂಥ ಇಬ್ಬರು ವಿಶ್ವಕಪ್ ಫೈನಲ್‌ನಲ್ಲಿ ಹನ್ನೆರಡು ಗಜದ ಅಂತರದಲ್ಲಿ ಎದುರಾದರೆ ಪರಸ್ಪರರ ಮನಸ್ಸು ಎಷ್ಟು ಗೊತ್ತಿರಬೇಕು! ಕೊನೆಗೂ ಚೆಂಡನ್ನು ತಡೆದದ್ದು ಬುಫೋನ್‌ನ ಕೈಯಲ್ಲ, ಕಂಬ.

ಆ ರಾತ್ರಿಯಿಂದ ನಾನು ಟ್ರೆಜೆಗೆಯ ಪಕ್ಷ. ಸೋತವರ ಮೇಲಿನ ಕನಿಕರದಿಂದ ಶುರುವಾದದ್ದು ಇರಬಹುದು. ಆದರೆ ಮುಂದೆ ಅವನು ಆಡಿದ್ದನ್ನು ಹಿಂಬಾಲಿಸುತ್ತ ಹೋದಂತೆ ಕನಿಕರದ ಅಗತ್ಯ ಉಳಿಯಲಿಲ್ಲ. ಈ ಮನುಷ್ಯನನ್ನು ವಿಶ್ವಕಪ್, ಯೂರೋ ಕಪ್ ಫೈನಲ್‌ಗಳ ಮೇಲೆ ಅಳೆಯುವುದೇ ತಪ್ಪು ಎಂದು ನನಗೆ ಅನ್ನಿಸಿದೆ. ಅವನನ್ನು ನೋಡಬೇಕಾದದ್ದು ಎರಡನೇ ದರ್ಜೆಯ ಮೈದಾನಗಳಲ್ಲಿ.

ಮೊದಲು ಅವನ ಊರು ಯಾವುದು ಎನ್ನುವುದನ್ನು ನೋಡೋಣ, ಏಕೆಂದರೆ ಅದೇ ಒಂದು ಗೊಂದಲ. ಡೇವಿಡ್ ಹುಟ್ಟಿದ್ದು 1977ರ ಅಕ್ಟೋಬರ್ 15ರಂದು ಫ್ರಾನ್ಸಿನ ರುವಾನ್ ಪಟ್ಟಣದಲ್ಲಿ. ಅಪ್ಪ ಹೋರ್ಹೆ ಅರ್ಜೆಂಟೀನಾದವನು, ರುವಾನ್ ಕ್ಲಬ್‌ಗೆ ಆಡಲು ಬಂದಿದ್ದ ಫುಟ್‌ಬಾಲಿಗ. ಮಗು ಇನ್ನೂ ಚಿಕ್ಕದಿರುವಾಗಲೇ ಸಂಸಾರ ಬುಯೆನೋಸ್ ಐರಿಸ್‌ಗೆ ಮರಳಿತು. ಹಾಗಾಗಿ ಹುಡುಗ ಬೆಳೆದದ್ದು ಸ್ಪ್ಯಾನಿಷ್ ಮಾತಾಡುತ್ತ, ರಿವರ್ ಪ್ಲೇಟ್ ತಂಡಕ್ಕೆ ಜೈ ಎನ್ನುತ್ತ. ಪ್ಲಾಟೆನ್ಸೆ ಎಂಬ ಸಣ್ಣ ಕ್ಲಬ್‌ಗೆ ಕೆಲವೇ ಪಂದ್ಯ ಆಡಿ 1995ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಫ್ರಾನ್ಸಿಗೆ ಬಂದ. ಪ್ಯಾರಿಸ್ ಸೇಂಟ್ ಜರ್ಮೈನ್‌ನಲ್ಲಿ ಮಾತು ಕುದುರಲಿಲ್ಲ. ಮೊನಾಕೊ ಕರೆದುಕೊಂಡಿತು. ಹುಟ್ಟಿದ ದೇಶಕ್ಕೆ ಅವನು ಬಂದದ್ದು ಹೊರಗಿನವನ ಹಾಗೆಯೇ.

ಮೊನಾಕೊದಲ್ಲಿ ಅವನ ಓರಗೆಯವನಾಗಿ ಸಿಕ್ಕವನು ತಿಯೆರಿ ಆನ್ರಿ. ಇಬ್ಬರೂ 1977ರಲ್ಲಿ ಎರಡು ತಿಂಗಳ ಅಂತರದಲ್ಲಿ ಹುಟ್ಟಿದವರು, ಇಬ್ಬರೂ ಮುಂದಾಳುಗಳು. ಆದರೆ ಆಟದ ರೀತಿಯಲ್ಲಿ ಅಜಗಜಾಂತರ. ಆನ್ರಿ ಎಡಗಡೆಯಿಂದ ಚೆಂಡು ಎಳೆದುಕೊಂಡು ಓಡಿ ಬಂದರೆ ಮೈದಾನವೇ ಎದ್ದು ನಿಲ್ಲುತ್ತಿತ್ತು. ಟ್ರೆಜೆಗೆ ಓಡುವುದನ್ನು ನೋಡಲು ಯಾರೂ ಟಿಕೆಟ್ ಕೊಳ್ಳುತ್ತಿರಲಿಲ್ಲ. ಆರಡಿ ಮೀರಿದ ಎತ್ತರ, ಉದ್ದ ಕಾಲು, ಚೆಂಡು ಸಿಕ್ಕರೆ ಮೂರನೇ ಹೆಜ್ಜೆಗೆ ಯಾರಿಗಾದರೂ ಕೊಟ್ಟುಬಿಡುವ ಅವಸರ. ಇಡೀ ಪಂದ್ಯದಲ್ಲಿ ಎಲ್ಲಿದ್ದ ಎಂದು ಹುಡುಕಬೇಕು. ಪಂದ್ಯ ಮುಗಿದ ಮೇಲೆ ನೋಡಿದರೆ ಗೋಲಿನ ಪಟ್ಟಿಯಲ್ಲಿ ಅವನ ಹೆಸರು.

ಇಂಥ ಆಟಗಾರರನ್ನು ಕಂಡರೆ ಪಂಡಿತರಿಗೆ ಸ್ವಲ್ಪ ತಾತ್ಸಾರ. ಗೋಲಿನ ಬಾಯಲ್ಲಿ ನಿಂತು ಬಂದದ್ದನ್ನು ತಳ್ಳುವುದು ಯಾವ ದೊಡ್ಡ ವಿದ್ಯೆ ಎಂಬ ಭಾವ. ಟ್ರೆಜೆಗೆಯ ಗೋಲುಗಳನ್ನು ಸಾಲಾಗಿ ನೋಡಿದವರಿಗೆ ವಿದ್ಯೆ ಎಲ್ಲಿದೆ ಎಂದು ತಿಳಿಯುತ್ತದೆ. ಚೆಂಡು ಇನ್ನೂ ಮೂಲೆಯಲ್ಲಿರುವಾಗಲೇ ಅವನು ಒಂದು ಹೆಜ್ಜೆ ಹಿಂದೆ ಸರಿದಿರುತ್ತಾನೆ. ರಕ್ಷಣಾ ಆಟಗಾರ ಚೆಂಡನ್ನು ನೋಡಲು ಕತ್ತು ತಿರುಗಿಸಿದ ಗಳಿಗೆಯಲ್ಲಿ ಆ ಒಂದು ಹೆಜ್ಜೆ ಎರಡು ಗಜವಾಗುತ್ತದೆ. ಆಮೇಲೆ ಒಂದೇ ಸ್ಪರ್ಶ: ಎಡಗಾಲು, ಬಲಗಾಲು, ತಲೆ, ಯಾವುದು ಹತ್ತಿರವೋ ಅದು. ಚೆಂಡನ್ನು ಹಿಡಿದು ನಿಲ್ಲಿಸುವ, ಇನ್ನೊಮ್ಮೆ ಯೋಚಿಸುವ ಅಭ್ಯಾಸವೇ ಅವನಿಗಿರಲಿಲ್ಲ. ಸಂತೆಯಲ್ಲಿ ಗುಂಪಿನ ನಡುವೆ ಸದ್ದಿಲ್ಲದೆ ನಿಂತು ಸರಿಯಾದ ಹೊತ್ತಿಗೆ ಒಂದೇ ಮಾತಿನಲ್ಲಿ ಎತ್ತಿನ ವ್ಯಾಪಾರ ಮುಗಿಸುವ ಹಿರಿಯರಿರುತ್ತಾರಲ್ಲ, ಆ ಜಾತಿ.

ಹಾಗೆಂದು ದೂರದಿಂದ ಒದೆಯಲು ಬಾರದವನೇನಲ್ಲ. 1998ರ ಮಾರ್ಚ್‌ನಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನ ಎರಡನೇ ಪಂದ್ಯ, ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್ ಮೈದಾನ. ಐದನೇ ನಿಮಿಷದಲ್ಲಿ ಇಪ್ಪತ್ತರ ಈ ಹುಡುಗ ಬಲಗಾಲಿನಿಂದ ಒದ್ದ ಚೆಂಡು ಗೋಲ್‌ಕೀಪರ್ ತಿರುಗಿ ನೋಡುವ ಮುನ್ನ ಬಲೆಯ ಮೇಲ್ಭಾಗಕ್ಕೆ ನುಗ್ಗಿತ್ತು. ವೇಗ ಗಂಟೆಗೆ 150 ಕಿಲೋಮೀಟರ್ ಮೀರಿತ್ತು ಎಂದು ಅಳೆದವರು ಹೇಳಿದರು. ಪಂದ್ಯ 1-1. ಎರಡು ಪಂದ್ಯಗಳ ಲೆಕ್ಕ ಸಮವಾದರೆ ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ ಹೋಗುವುದು ಆಗಿನ ನಿಯಮ; ಆ ಗೋಲಿನ ಬಲದಲ್ಲೇ ಮೊನಾಕೊ ಸೆಮಿಫೈನಲ್ ತಲುಪಿತು. ಅಲ್ಲಿ ಅದನ್ನು ಸೋಲಿಸಿದ್ದು ಯುವೆಂಟಸ್. ಜಿದಾನ್ ಆಗ ಯುವೆಂಟಸ್‌ನಲ್ಲಿದ್ದ.

ಆ ಬೇಸಿಗೆಯಲ್ಲಿ ಫ್ರಾನ್ಸ್ ತನ್ನ ಮನೆಯಂಗಳದಲ್ಲಿ ಮೊದಲ ವಿಶ್ವಕಪ್ ಗೆದ್ದಿತು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು ಟ್ರೆಜೆಗೆ. ಸೌದಿ ಅರೇಬಿಯಾ ವಿರುದ್ಧ ಒಂದು ಗೋಲು ಹೊಡೆದ. ಫೈನಲ್‌ನಲ್ಲಿ ಬೆಂಚಿನ ಮೇಲೆ ಕುಳಿತಿದ್ದ. ನಾನು ಗುರುತಿಟ್ಟುಕೊಂಡದ್ದು ನಡುವಿನ ಒಂದು ಪಂದ್ಯವನ್ನು. ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾಳಿ ಇಟಲಿ, ಗೋಲಿಲ್ಲದ ಡ್ರಾ, ಪೆನಾಲ್ಟಿ ಶೂಟೌಟ್. ಲಿಜರಾಜು ಒದ್ದದ್ದನ್ನು ಇಟಲಿಯ ಗೋಲ್‌ಕೀಪರ್ ತಡೆದಾಗಿದೆ. ಮುಂದಿನ ಸರದಿ ಟ್ರೆಜೆಗೆ, ಅದರ ಮುಂದಿನದು ಆನ್ರಿ. ಇಪ್ಪತ್ತು ವರ್ಷದ ಇಬ್ಬರು ಹುಡುಗರು, ಇಡೀ ದೇಶ ಉಸಿರು ಬಿಗಿಹಿಡಿದಿದೆ. ಇಬ್ಬರೂ ಹೊಡೆದರು. ಕೊನೆಗೆ ಇಟಲಿಯ ದಿ ಬಿಯಾಜೊ ಒದ್ದ ಚೆಂಡು ಅಡ್ಡಕಂಬಕ್ಕೆ ಬಡಿದು ಫ್ರಾನ್ಸ್ ಗೆದ್ದಿತು. ಅಂದು ಕಂಬ ಫ್ರಾನ್ಸಿನ ಕಡೆಗಿತ್ತು. ಎಂಟು ವರ್ಷ ಬಿಟ್ಟು ಇಟಲಿ ಬಾಕಿ ವಸೂಲು ಮಾಡಿತು, ಅಷ್ಟೇ.

ನಡುವೆ 2000 ಬಂತು. ಆ ಋತುವಿನಲ್ಲಿ ಮೊನಾಕೊ ಫ್ರೆಂಚ್ ಲೀಗ್ ಗೆದ್ದಿತ್ತು, ಟ್ರೆಜೆಗೆ ಲೀಗ್‌ನಲ್ಲಿ 22 ಗೋಲು ಹೊಡೆದಿದ್ದ. ಜುಲೈ 2ರಂದು ರಾಟರ್‌ಡ್ಯಾಮ್‌ನಲ್ಲಿ ಯೂರೋ ಕಪ್ ಫೈನಲ್. ಮತ್ತೆ ಇಟಲಿ. ಡೆಲ್ವೆಕಿಯೊ ಗೋಲಿನಿಂದ ಇಟಲಿ 1-0 ಮುಂದಿದೆ. ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ನಿಮಿಷಗಳು ಓಡುತ್ತಿವೆ. ಇಟಲಿಯ ಬೆಂಚಿನಲ್ಲಿದ್ದವರೆಲ್ಲ ಎದ್ದು, ಭುಜದ ಮೇಲೆ ಭುಜ ಹಾಕಿ ಗೆರೆಯ ಬಳಿ ಬಂದು ನಿಂತಿದ್ದಾರೆ. ಫ್ರಾನ್ಸಿನ ಗೋಲ್‌ಕೀಪರ್ ಬಾರ್ತೆಜ್ ಉದ್ದಕ್ಕೆ ಒದ್ದ ಚೆಂಡಿಗೆ ಟ್ರೆಜೆಗೆ ತಲೆ ತಾಗಿಸಿದ, ಅದು ಎಡಗಡೆ ವಿಲ್ಟೋರ್ ಕಾಲಿಗೆ ಬಂತು, ವಿಲ್ಟೋರ್ ಒದ್ದ ಚೆಂಡು ಟೋಲ್ಡೊನ ಕೈತಪ್ಪಿ ದೂರದ ಮೂಲೆ ಸೇರಿತು. 1-1.

ಹೆಚ್ಚುವರಿ ಅವಧಿಗೆ ಆಗ ಗೋಲ್ಡನ್ ಗೋಲ್ ನಿಯಮವಿತ್ತು: ಮೊದಲು ಯಾರು ಹೊಡೆದರೋ ಅಲ್ಲಿಗೆ ಪಂದ್ಯ ಮುಕ್ತಾಯ. 103ನೇ ನಿಮಿಷದಲ್ಲಿ ರಾಬರ್ಟ್ ಪಿರೆಸ್ ಎಡಬದಿಯಲ್ಲಿ ಇಟಲಿಯವರನ್ನು ದಾಟಿಕೊಂಡು ಹೋಗಿ ಚೆಂಡನ್ನು ಹಿಂದಕ್ಕೆ ಎಳೆದು ಕೊಟ್ಟ. ಪೆನಾಲ್ಟಿ ಆವರಣದೊಳಗೆ ಟ್ರೆಜೆಗೆ ಒಬ್ಬನೇ, ಯಥಾಪ್ರಕಾರ ಎರಡು ಗಜ ಗಳಿಸಿಕೊಂಡು. ನೆಲದಿಂದ ಪುಟಿದ ಚೆಂಡನ್ನು ಎಡಗಾಲಿನಿಂದ ಎತ್ತಿ ಬಲೆಯ ಚಾವಣಿಗೆ ಒದ್ದ. ಅಂಗಿ ಕಳಚಿ ಬೀಸುತ್ತ ಓಡಿದ. ಕೋಚ್ ರೊಜೆ ಲೆಮೆರ್ ಕಳಿಸಿದ ಮೂವರು ಬದಲಿ ಆಟಗಾರರು ವಿಲ್ಟೋರ್, ಪಿರೆಸ್, ಟ್ರೆಜೆಗೆ. ಒಬ್ಬ ಸಮ ಮಾಡಿದ, ಒಬ್ಬ ಕೊಟ್ಟ, ಒಬ್ಬ ಮುಗಿಸಿದ. ಬದಲಿ ಆಟಗಾರರನ್ನು ಇಳಿಸುವ ವಿಷಯದಲ್ಲಿ ಅಷ್ಟು ಅದೃಷ್ಟ ಮಾಡಿದ ಕೋಚ್‌ನನ್ನು ನಾನು ಬೇರೆ ಕಂಡಿಲ್ಲ. ಗೋಲ್ಡನ್ ಗೋಲ್ ನಿಯಮ ಕೆಲವೇ ವರ್ಷಗಳಲ್ಲಿ ರದ್ದಾಯಿತು. ಯೂರೋ ಕಪ್ಪನ್ನು ಹಾಗೆ ಗೆದ್ದುಕೊಟ್ಟವರು ಇಬ್ಬರೇ: 1996ರಲ್ಲಿ ಜರ್ಮನಿಯ ಬಿಯರ್‌ಹಾಫ್, ಆಮೇಲೆ ಇವನು.

ಇಟಲಿಯ ಕಪ್ ಕಸಿದುಕೊಂಡವನು ಅದೇ ಬೇಸಿಗೆಯಲ್ಲಿ ಉದ್ಯೋಗಕ್ಕೆಂದು ಹೋದದ್ದು ಇಟಲಿಗೆ, ಟೂರಿನ್ನಿನ ಯುವೆಂಟಸ್‌ಗೆ. ಬೈದುಕೊಂಡೇ ಬರಮಾಡಿಕೊಂಡವರು ಬೇಗ ಹೊಂದಿಕೊಂಡರು. 2001-02ರಲ್ಲಿ ಅವನು ಇಟಲಿಯ ಮೊದಲ ದರ್ಜೆಯ ಸೀರಿ ಎ ಲೀಗ್‌ನಲ್ಲಿ 24 ಗೋಲು ಹೊಡೆದು, ಪಿಯಾಚೆಂಜ ತಂಡದ ದಾರಿಯೊ ಹುಬ್ನರ್ ಜೊತೆ ಅಗ್ರಸ್ಥಾನ ಹಂಚಿಕೊಂಡ. ಯುವೆಂಟಸ್ ಚಾಂಪಿಯನ್ ಆಯಿತು. ಮರುವರ್ಷವೂ ಗೆದ್ದಿತು. ಅಲ್ಲಿಯ ಪತ್ರಿಕೆಗಳು ಅವನನ್ನು ಟ್ರೆಜೆಗೋಲ್ ಎಂದು ಕರೆಯತೊಡಗಿದವು.

2002ರ ವಿಶ್ವಕಪ್‌ನ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಇಟಲಿ, ಇಂಗ್ಲೆಂಡ್, ಫ್ರಾನ್ಸ್ ಮೂರೂ ದೇಶಗಳ ಲೀಗ್‌ಗಳಲ್ಲಿ ಆ ವರ್ಷ ಅತಿ ಹೆಚ್ಚು ಗೋಲು ಹೊಡೆದವರ ಸಾಲಿನಲ್ಲಿದ್ದ ಟ್ರೆಜೆಗೆ, ಆನ್ರಿ, ಸಿಸ್ಸೆ ಒಂದೇ ತಂಡದಲ್ಲಿದ್ದರು. ಆ ತಂಡ ಒಂದೂ ಗೋಲು ಹೊಡೆಯದೆ ಗುಂಪು ಹಂತದಲ್ಲೇ ಮನೆಗೆ ಹೋಯಿತು. ಸೆನೆಗಲ್ ವಿರುದ್ಧದ ಮೊದಲ ಪಂದ್ಯದಲ್ಲಿ ಟ್ರೆಜೆಗೆ ಒದ್ದ ಚೆಂಡು ಕಂಬಕ್ಕೆ ಬಡಿಯಿತು. ಕಂಬಗಳಿಗೂ ಇವನಿಗೂ ಏನೋ ಋಣಾನುಬಂಧ. ಮರುವರ್ಷ ಚಾಂಪಿಯನ್ಸ್ ಲೀಗ್ ಫೈನಲ್, ಅದೇ ಓಲ್ಡ್ ಟ್ರಾಫರ್ಡ್, ಎದುರಾಳಿ ಮಿಲಾನ್. ಶೂಟೌಟ್‌ನಲ್ಲಿ ಯುವೆಂಟಸ್ ಪರ ಮೊದಲು ಒದ್ದವನು ಟ್ರೆಜೆಗೆ, ದಿದಾ ತಡೆದ. ಐದು ವರ್ಷದ ಹಿಂದೆ ಬಲೆ ಹರಿಯುವ ಹಾಗೆ ಒದ್ದಿದ್ದ ಮೈದಾನದಲ್ಲೇ.

ಈಗ ಮತ್ತೆ 2006ಕ್ಕೆ. ಬರ್ಲಿನ್ನಿನ ಆ ಫೈನಲ್‌ನಲ್ಲಿ ಆಡಿದವರಲ್ಲಿ ಎಂಟು ಮಂದಿ ಯುವೆಂಟಸ್‌ನವರು: ಇಟಲಿ ಕಡೆ ಬುಫೋನ್, ಕ್ಯಾನವಾರೊ, ಜಂಬ್ರೋಟಾ, ಕಮೊರನೇಸಿ, ಡೆಲ್ ಪಿಯೆರೊ, ಫ್ರಾನ್ಸ್ ಕಡೆ ತುರಾಮ್, ವಿಯೆರಾ, ಟ್ರೆಜೆಗೆ. ಒಂದೇ ಕ್ಲಬ್‌ನ ಎಂಟು ಜನ ವಿಶ್ವಕಪ್ ಫೈನಲ್‌ನಲ್ಲಿ! ಆ ಪಂದ್ಯ ನಡೆದದ್ದು ಜುಲೈ 9. ಐದು ದಿನ ಕಳೆದು, ಜುಲೈ 14ರಂದು, ಇಟಲಿಯ ಫುಟ್‌ಬಾಲ್ ನ್ಯಾಯಮಂಡಳಿ ಅದೇ ಕ್ಲಬ್ಬನ್ನು ಎರಡನೇ ದರ್ಜೆಗೆ ತಳ್ಳುವ ತೀರ್ಪು ಕೊಟ್ಟಿತು. ರೆಫರಿಗಳ ನೇಮಕದಲ್ಲಿ ಕ್ಲಬ್‌ನ ಆಡಳಿತದವರು ಕೈಯಾಡಿಸಿದರು ಎಂಬ ಕಾಲ್ಚೊಪೊಲಿ ಹಗರಣ ಅದು. 2005 ಮತ್ತು 2006ರಲ್ಲಿ ಗೆದ್ದ ಎರಡು ಪ್ರಶಸ್ತಿಗಳೂ ಹೋದವು. ಟ್ರೆಜೆಗೆಯ ಪದಕಗಳ ಲೆಕ್ಕದಲ್ಲೂ ಎರಡು ಕಡಿಮೆಯಾದವು. ಮೊದಲು 30 ಅಂಕಗಳ ಕಡಿತವನ್ನೂ ಹೇರಲಾಗಿತ್ತು. ಮೇಲ್ಮನವಿಗಳ ನಂತರ ಅದು ಒಂಬತ್ತಕ್ಕೆ ಇಳಿಯಿತು. ಅಷ್ಟಾದರೂ ಹಣೆಬರಹ ಬದಲಾಗಲಿಲ್ಲ: ಯುವೆಂಟಸ್ ತನ್ನ ಇತಿಹಾಸದಲ್ಲಿ ಮೊದಲ ಬಾರಿ ಸೀರಿ ಬಿ ಲೀಗ್‌ನಲ್ಲಿ ಆಡಬೇಕಾಯಿತು.

ಮನೆ ಖಾಲಿಯಾಯಿತು. ಕ್ಯಾನವಾರೊ ರಿಯಲ್ ಮ್ಯಾಡ್ರಿಡ್‌ಗೆ, ವಿಯೆರಾ ಮತ್ತು ಇಬ್ರಾಹಿಮೊವಿಚ್ ಇಂಟರ್‌ಗೆ, ತುರಾಮ್ ಮತ್ತು ಜಂಬ್ರೋಟಾ ಬಾರ್ಸಿಲೋನಾಗೆ. ಅವರನ್ನು ದೂರುವಂತಿಲ್ಲ. ಆಟಗಾರನ ಆಯುಷ್ಯ ಚಿಕ್ಕದು, ಆಡಳಿತದವರ ಪಾಪಕ್ಕೆ ಆಟಗಾರ ಏಕೆ ದಂಡ ತೆರಬೇಕು? ಉಳಿದವರು ಐದು ದೊಡ್ಡ ಹೆಸರುಗಳು: ಡೆಲ್ ಪಿಯೆರೊ, ಬುಫೋನ್, ನೆಡ್ವೆಡ್, ಕಮೊರನೇಸಿ, ಟ್ರೆಜೆಗೆ. ಡೆಲ್ ಪಿಯೆರೊ ಉಳಿದದ್ದು ಅರ್ಥವಾಗುತ್ತದೆ, ಅವನು ಆ ಕ್ಲಬ್‌ನ ಮನೆಮಗನೇ ಆಗಿದ್ದ. ಆದರೆ ಟ್ರೆಜೆಗೆ? ಇಪ್ಪತ್ತೆಂಟು ವರ್ಷ, ಮುಂದಾಳಿನ ಉಚ್ಛ್ರಾಯ ಕಾಲ, ವಿಶ್ವಕಪ್ ಮತ್ತು ಯೂರೋ ಕಪ್ ಎರಡನ್ನೂ ಗೆದ್ದವನು. ಯಾವ ಊರಿಗೆ ಹೋದರೂ ಕೆಲಸ ಸಿಗುತ್ತಿತ್ತು. ಇನ್ನೂ ಒಂದು ಮಾತಿದೆ. ಅವನು ತಪ್ಪಿಸಿದ ಆ ಒಂದು ಪೆನಾಲ್ಟಿಯಿಂದ ವಿಶ್ವ ಚಾಂಪಿಯನ್ ಆದ ದೇಶ ಇಟಲಿ. ಆ ದೇಶದ ಸಣ್ಣ ಸಣ್ಣ ಊರುಗಳಲ್ಲಿ ಶನಿವಾರ ಶನಿವಾರ ಆಡಲು ಒಪ್ಪಿಕೊಳ್ಳುವುದೆಂದರೆ ಎದುರಾಳಿ ಅಭಿಮಾನಿಗಳ ಗೇಲಿಗೆ ತಾನಾಗಿ ತಲೆ ಒಡ್ಡಿದ ಹಾಗೆ.

ಒಡ್ಡಿದ. ಮೊದಲ ಪಂದ್ಯ ಕಡಲತೀರದ ರಿಮಿನಿಯಲ್ಲಿ, 1-1 ಡ್ರಾ. ಆಮೇಲೆ ಕ್ರೋಟೊನೆ, ಅಲ್ಬಿನೊಲೆಫೆ, ಮಾಂಟುವಾ, ಫ್ರೊಸಿನೊನೆ. ಇಂಥ ಸಣ್ಣ ಊರುಗಳ ಜನ, ಟಿ.ವಿ.ಯಲ್ಲಿ ಕಂಡ ಮುಖಗಳನ್ನು ಬೇಲಿಯಾಚೆ ಇಷ್ಟು ಹತ್ತಿರದಿಂದ ನೋಡುತ್ತೇವೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕೋಚ್ ಯಾರೆಂದರೆ ದಿದಿಯೆ ದೆಶಾಂಪ್, 1998ರಲ್ಲಿ ಟ್ರೆಜೆಗೆಯ ನಾಯಕ. ಆ ಋತುವಿನಲ್ಲಿ ಡೆಲ್ ಪಿಯೆರೊ 20 ಗೋಲು ಹೊಡೆದ, ಟ್ರೆಜೆಗೆ 15. ಅರೆತ್ಸೊ ಊರಿನಲ್ಲಿ 5-1ರಿಂದ ಗೆದ್ದು ತಂಡ ಮೇಲೇರುವುದು ಖಚಿತವಾಯಿತು. ಮರುವರ್ಷ ಸೀರಿ ಎ ಗೋಲುಗಾರರ ಪಟ್ಟಿ ನೋಡಿ: ಮೊದಲನೆಯವನು ಡೆಲ್ ಪಿಯೆರೊ, 21. ಎರಡನೆಯವನು ಟ್ರೆಜೆಗೆ, 20. ಬಿಟ್ಟು ಹೋಗದವರೇ ಮೊದಲೆರಡು ಸ್ಥಾನದಲ್ಲಿ.

ಇಷ್ಟಾದ ಮೇಲೂ ಫ್ರಾನ್ಸ್ ಕೋಚ್ ರೇಮೊಂ ದೊಮೆನೆಕ್ 2008ರ ಯೂರೋ ಕಪ್ ತಂಡಕ್ಕೆ ಅವನನ್ನು ಆರಿಸಲಿಲ್ಲ. ಯುರೋಪಿನ ಅತಿ ಕಠಿಣ ರಕ್ಷಣೆಯ ಲೀಗ್‌ನಲ್ಲಿ 20 ಗೋಲು ಹೊಡೆದವನನ್ನು ಮನೆಯಲ್ಲಿ ಬಿಟ್ಟು ಹೋದ ತಂಡ, ಮೂರು ಪಂದ್ಯಗಳಲ್ಲಿ ಒಂದು ಗೋಲು ಹೊಡೆದು ಮರಳಿತು. ದೊಮೆನೆಕ್‌ಗೆ ಅವನದೇ ಕಾರಣಗಳಿದ್ದವು. ಆನ್ರಿಯ ಜೊತೆ ಇವನನ್ನು ಕೂಡಿಸುವುದು ಕಷ್ಟ, ಹಿಂದೆ ಬಂದು ಚೆಂಡು ಕಿತ್ತುಕೊಳ್ಳುವ ಕೆಲಸ ಇವನಿಂದಾಗದು, ಒಬ್ಬನೇ ಮುಂದಾಳಿನ ವ್ಯೂಹಕ್ಕೆ ಆನ್ರಿಯೇ ಸರಿ ಎಂಬುದು ಆ ಕಾಲದ ಸಾಮಾನ್ಯ ವಾದ. ನನಗೆ ಒಪ್ಪಿಗೆಯಿಲ್ಲ, ಆದರೆ ಅಸಂಬದ್ಧ ಎನ್ನಲಾರೆ. ಆ ಬೇಸಿಗೆಯಲ್ಲೇ ಟ್ರೆಜೆಗೆ ದೇಶದ ಪರ ಆಟ ನಿಲ್ಲಿಸಿದ: 71 ಪಂದ್ಯ, 34 ಗೋಲು.

ಮಂಡಿಯ ನೋವು ಶುರುವಾಗಿತ್ತು. 2010ರಲ್ಲಿ ಯುವೆಂಟಸ್ ಬಿಟ್ಟಾಗ ಅವನ ಲೆಕ್ಕ 320 ಪಂದ್ಯಗಳಲ್ಲಿ 171 ಗೋಲು. ಆ ಕ್ಲಬ್ ಪರ ಅಷ್ಟು ಗೋಲು ಹೊಡೆದ ವಿದೇಶಿ ಆಟಗಾರ ಬೇರೊಬ್ಬನಿಲ್ಲ. ಅರ್ಜೆಂಟೀನಾ ಮೂಲದ ಒಮರ್ ಸಿವೊರಿಯ ಹಳೆಯ ಲೆಕ್ಕವನ್ನು ಅವನು ದಾಟಿದ್ದ. ಕ್ರಿಸ್ಟಿಯಾನೊ ರೊನಾಲ್ಡೊ ಬಂದು ಹೋದ ಮೇಲೂ ಅದು ಹಾಗೇ ನಿಂತಿದೆ. ಮುಂದೆ ಸ್ಪೇನಿನ ಎರ್ಕುಲೆಸ್‌ನಲ್ಲಿ ಒಂದು ಋತು, ಅಬುಧಾಬಿಯ ಬನಿಯಾಸ್‌ನಲ್ಲಿ ಕೆಲವು ವಾರ. ವಯಸ್ಸಾದ ಆಟಗಾರ ಕೊಲ್ಲಿ ದೇಶಕ್ಕೆ ಹೋದನೆಂದರೆ ಕತೆ ಮುಗಿದ ಹಾಗೆ ಎಂದುಕೊಂಡಿದ್ದೆವು.

ಅಷ್ಟರಲ್ಲಿ ಅರ್ಜೆಂಟೀನಾದಲ್ಲಿ ಭೂಕಂಪವಾಗಿತ್ತು. 2011ರ ಜೂನ್ 26ರಂದು ರಿವರ್ ಪ್ಲೇಟ್, ಶತಮಾನ ದಾಟಿದ ಕ್ಲಬ್, ಆ ದೇಶದ ಲೀಗ್ ಪ್ರಶಸ್ತಿಯನ್ನು ಅತಿ ಹೆಚ್ಚು ಬಾರಿ ಗೆದ್ದ ಕ್ಲಬ್, ಬೆಲ್‌ಗ್ರಾನೊ ಎದುರು ಪ್ಲೇಆಫ್ ಸೋತು ಎರಡನೇ ದರ್ಜೆಗೆ ಬಿತ್ತು. ಇತಿಹಾಸದಲ್ಲಿ ಮೊದಲ ಸಲ. ಪಂದ್ಯ ಮುಗಿಯುವ ಮೊದಲೇ ಪ್ರೇಕ್ಷಕರು ಕುರ್ಚಿ ಕಿತ್ತು ಎಸೆದರು, ಬೀದಿಯಲ್ಲಿ ಪೊಲೀಸರೊಂದಿಗೆ ಕದನವೇ ನಡೆಯಿತು. ನಿನ್ನೆಯವರೆಗೆ ಆಟಗಾರನಾಗಿದ್ದ ಮತಿಯಾಸ್ ಅಲ್ಮೇಡಾ ಕೋಚ್ ಆದ. ಹಳೆಯ ಹುಡುಗರಾದ ಕವೆನಾಗಿ, ಡೊಮಿಂಗೆಸ್ ಮರಳಿ ಬಂದರು. 2012ರ ಆರಂಭದಲ್ಲಿ ಟ್ರೆಜೆಗೆಯೂ ಬಂದ. ಅವನು ರಿವರ್‌ನ ಹಳೆಯ ಆಟಗಾರನಲ್ಲ. ಎಳವೆಯಲ್ಲಿ ಆ ತಂಡಕ್ಕೆ ಜೈ ಎಂದವನು, ಅಷ್ಟೇ.

ಮೂವತ್ತನಾಲ್ಕು ವರ್ಷದ ವಿಶ್ವ ಚಾಂಪಿಯನ್, ಕೆಟ್ಟ ಮಂಡಿ, ಅರ್ಜೆಂಟೀನಾದ ಎರಡನೇ ದರ್ಜೆ. ಅಲ್ಲಿಯ ಮೈದಾನಗಳು ಇಟಲಿಯವುಗಳ ಹಾಗೆ ನಯವಾದವಲ್ಲ. ರಕ್ಷಣಾ ಆಟಗಾರರು ಚೆಂಡು ಸಿಗದಿದ್ದರೆ ಕಾಲಾದರೂ ಸಿಗಲಿ ಎನ್ನುವವರು. ಹುಲ್ಲು ಎದ್ದುಹೋದ ಪೆನಾಲ್ಟಿ ಆವರಣದಲ್ಲಿ ಅವನು ಹಳೆಯ ಕಸುಬನ್ನೇ ಮುಂದುವರಿಸಿದ: ಒಂದು ಹೆಜ್ಜೆ ಹಿಂದೆ, ಎರಡು ಗಜ ಜಾಗ, ಒಂದು ಸ್ಪರ್ಶ. ಅರ್ಧ ಋತುವಿನಲ್ಲಿ 13 ಗೋಲು. 2012ರ ಜೂನ್ 23ರಂದು ತುಂಬಿ ತುಳುಕುತ್ತಿದ್ದ ಮೊನುಮೆಂಟಲ್ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯ, ಎದುರಾಳಿ ಆಲ್ಮಿರಾಂತೆ ಬ್ರೌನ್. ಗೆದ್ದರೆ ಮೇಲಿನ ದರ್ಜೆ. ರಿವರ್ 2-0ರಿಂದ ಗೆದ್ದಿತು. ಎರಡೂ ಗೋಲು ಟ್ರೆಜೆಗೆಯವು.

ಆ ಪಂದ್ಯದ ತುಣುಕುಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಿದ್ದು ಒಂದು ವರ್ಷ ತುಂಬುವುದಕ್ಕೆ ಮೂರು ದಿನ ಬಾಕಿ ಇರುವಾಗ ಎದ್ದ ತಂಡ ಅದು. ಗೋಲು ಹೊಡೆದ ಮೇಲೆ ಅವನ ಮುಖದಲ್ಲಿ ಕಂಡ ಉದ್ವೇಗ ರಾಟರ್‌ಡ್ಯಾಮ್‌ನಲ್ಲೂ ಕಂಡದ್ದಿಲ್ಲ ಎಂದರೆ ಫ್ರಾನ್ಸಿನವರು ಜಗಳಕ್ಕೆ ಬಂದಾರು, ಬರಲಿ. ಇಟಲಿಯ ಅತಿ ದೊಡ್ಡ ಕ್ಲಬ್ ಇತಿಹಾಸದಲ್ಲಿ ಒಮ್ಮೆ ಮಾತ್ರ ಕೆಳಗಿಳಿಯಿತು, ಅರ್ಜೆಂಟೀನಾದ ಅತಿ ದೊಡ್ಡ ಕ್ಲಬ್‌ಗಳಲ್ಲೊಂದೂ ಒಮ್ಮೆ ಮಾತ್ರ. ರಿವರ್‌ನ ಬದ್ಧ ಎದುರಾಳಿ ಬೊಕಾ ಜೂನಿಯರ್ಸ್‌ನ ಅಭಿಮಾನಿಗಳ ತಕರಾರು ಬೇಡವೆಂದು ‘ಅತಿ ದೊಡ್ಡ ಕ್ಲಬ್‌ಗಳಲ್ಲೊಂದು’ ಎಂದಿದ್ದೇನೆ. ಎರಡೂ ಬಾರಿ ಮೇಲೆತ್ತಲು ಭುಜ ಕೊಟ್ಟವರಲ್ಲಿ ಒಬ್ಬನೇ ಮನುಷ್ಯ ಇದ್ದಾನೆ. ಫುಟ್‌ಬಾಲ್ ಪುಸ್ತಕಗಳಲ್ಲಿ ಇಂಥದ್ದಕ್ಕೆ ಪಟ್ಟಿಯಿಲ್ಲ, ಪ್ರಶಸ್ತಿಯಿಲ್ಲ. ವಿಶ್ವಕಪ್ ಪದಕ ಇಟ್ಟುಕೊಂಡವರು ನೂರಾರು ಜನ ಸಿಗುತ್ತಾರೆ.

ಮೇಲಿನ ದರ್ಜೆಗೆ ಬಂದ ರಿವರ್‌ನಲ್ಲಿ ಅವನಿಗೆ ಹೆಚ್ಚು ಕಾಲ ಜಾಗ ಉಳಿಯಲಿಲ್ಲ. ನ್ಯೂವೆಲ್ಸ್ ಓಲ್ಡ್ ಬಾಯ್ಸ್‌ನಲ್ಲಿ ಒಂದು ಋತು ಆಡಿದ. ಆಮೇಲೆ, ಯಾರೂ ನಿರೀಕ್ಷಿಸದ ಹಾಗೆ, ನಮ್ಮ ಪಕ್ಕದ ಪುಣೆಗೆ ಬಂದ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಮೊದಲ ಬಾರಿ ಶುರುವಾದಾಗ ಪ್ರತಿ ತಂಡಕ್ಕೂ ಹೆಸರುವಾಸಿ ವಿದೇಶಿ ಆಟಗಾರನೊಬ್ಬ ಬೇಕಿತ್ತು. ಎಫ್‌ಸಿ ಪುಣೆ ಸಿಟಿ ಟ್ರೆಜೆಗೆಯನ್ನು ತಂದಿತು. ಬೆಂಗಳೂರು ಎಫ್‌ಸಿ ಆಗ ಐ-ಲೀಗ್‌ನಲ್ಲಿತ್ತು, ಈ ಲೀಗ್‌ಗೆ ಸೇರಿದ್ದು 2017ರಲ್ಲಿ. ಹಾಗಾಗಿ ಕರ್ನಾಟಕದವರು ಇವರನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ಪುಣೆಗೋ ಗೋವಾಕ್ಕೋ ಬಸ್ ಹತ್ತಬೇಕಿತ್ತು. ಲೀಗ್ ಶುರುವಾದ ವಾರವೇ ಟ್ರೆಜೆಗೆಗೆ ಮೂವತ್ತೇಳು ತುಂಬಿತು. ಗೋವಾ ತಂಡದ ದೊಡ್ಡ ಹೆಸರು ಯಾರು ಎಂದರೆ ರಾಬರ್ಟ್ ಪಿರೆಸ್! ರಾಟರ್‌ಡ್ಯಾಮ್‌ನಲ್ಲಿ ಚೆಂಡು ಕೊಟ್ಟವನು ಗೋವಾದಲ್ಲಿ, ಹೊಡೆದವನು ಪುಣೆಯಲ್ಲಿ. ಅದೇ ಯೂರೋ ಗೆದ್ದ ತಂಡದ ಅನೆಲ್ಕಾ ಮುಂಬೈಯಲ್ಲಿ. ಹದಿನಾಲ್ಕು ವರ್ಷದ ಹಿಂದೆ ಈ ಮಾತು ಹೇಳಿದ್ದರೆ ಹುಚ್ಚು ಎನ್ನುತ್ತಿದ್ದರು.

ಸತ್ಯ ಹೇಳಬೇಕೆಂದರೆ ಪುಣೆಯ ಆಟ ಅಷ್ಟೇನೂ ಚೆನ್ನಾಗಿರಲಿಲ್ಲ. ಬಾಲೆವಾಡಿ ಕ್ರೀಡಾಂಗಣದ ಓಟದ ಪಥದಾಚೆಯ ಕುರ್ಚಿಯಿಂದ ನೋಡಿದರೆ ಅವನು ಇನ್ನೂ ದೂರ, ಇನ್ನೂ ನಿಧಾನ ಕಾಣುತ್ತಿದ್ದ. ಒಂಬತ್ತು ಪಂದ್ಯಗಳಲ್ಲಿ ಎರಡು ಗೋಲು. ತಂಡ ಸೆಮಿಫೈನಲ್ ತಲುಪಲಿಲ್ಲ. ನನ್ನ ಪಕ್ಕದಲ್ಲಿದ್ದ ಹುಡುಗರು ‘ಓಡುವುದೇ ಇಲ್ಲವಲ್ಲ ಈ ಮನುಷ್ಯ’ ಎಂದು ನಗುತ್ತಿದ್ದರು. ಇಪ್ಪತ್ತರಲ್ಲೂ ಅವನು ಓಡುತ್ತಿರಲಿಲ್ಲ ಎಂದು ಹೇಳಬೇಕೆನ್ನಿಸಿತು. ಆದರೆ ಕಾರ್ನರ್ ಕಿಕ್ ಬಂದಾಗಲೆಲ್ಲ ನಾನು ಚೆಂಡನ್ನು ಬಿಟ್ಟು ಅವನನ್ನೇ ನೋಡುತ್ತಿದ್ದೆ. ಆ ಒಂದು ಹೆಜ್ಜೆ ಹಿಂದೆ ಸರಿಯುವುದು ಹಾಗೇ ಇತ್ತು. ಕಡಿಮೆಯಾಗಿದ್ದದ್ದು ಅಲ್ಲಿಂದ ಚಿಮ್ಮುವ ಕಾಲು, ಮತ್ತು ಅಲ್ಲಿಗೇ ಚೆಂಡು ಕಳಿಸುವ ಜೊತೆಗಾರರು. 2015ರ ಜನವರಿಯಲ್ಲಿ ಆಟಕ್ಕೆ ವಿದಾಯ ಹೇಳಿದ. ಅಲ್ಲಿಂದ ಮುಂದೆ ಯುವೆಂಟಸ್‌ನ ರಾಯಭಾರಿಯಾಗಿ ಊರೂರು ಸುತ್ತಿದ.

ಈಜಿಪ್ಟಿನಲ್ಲಿ ಮಹಮೂದ್ ಹಸನ್ ಎಂಬ ಆಟಗಾರನಿದ್ದಾನೆ, 1994ರಲ್ಲಿ ಹುಟ್ಟಿದವನು. ಅಲ್ ಅಹ್ಲಿ ಕ್ಲಬ್‌ನ ಕಿರಿಯರ ತಂಡದಲ್ಲಿದ್ದಾಗ ಮುಖಹೋಲಿಕೆ ಕಂಡ ತರಬೇತುದಾರರೊಬ್ಬರು ಅವನನ್ನು ಟ್ರೆಜೆಗೆ ಎಂದು ಕರೆದರು. ಹೆಸರು ಅಂಟಿಕೊಂಡಿತು, ಅಂಗಿಯ ಬೆನ್ನಿಗೂ ಏರಿತು. 2020ರ ಜುಲೈನಲ್ಲಿ ಅವನಿದ್ದ ಆಸ್ಟನ್ ವಿಲಾ ಇಂಗ್ಲೆಂಡಿನ ಎರಡನೇ ದರ್ಜೆಗೆ ಜಾರುವ ಅಂಚಿನಲ್ಲಿತ್ತು. ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಗೆದ್ದ ಪಂದ್ಯದಲ್ಲಿ ಎರಡೂ ಗೋಲು ಅವನವು. ಆರ್ಸೆನಲ್ ವಿರುದ್ಧ 1-0ರಿಂದ ಗೆದ್ದಾಗಲೂ ಆ ಒಂದು ಗೋಲು ಅವನದೇ. ವಿಲಾ ಒಂದೇ ಅಂಕದ ಅಂತರದಲ್ಲಿ ಮೇಲಿನ ದರ್ಜೆಯಲ್ಲಿ ಉಳಿದುಕೊಂಡಿತು.